ನಡುವಿನ ಚೀಲ

ಚನ್ನಾಜಮ್ಮನವರು ಸೋಮವಾರ ಭಿಕ್ಷೆಗೆ ಹೊರಡುತ್ತಾರೆ, ಜೊತೆಗೆ ಬರಲು ತನ್ನನ್ನು ಕರೆದಿದ್ದಾರೆ ಎಂದು ಚಿಕ್ಕನಿಂಗಮ್ಮ ಊಟದ ಹೊತ್ತಿನಲ್ಲಿ ಹೇಳಿದಾಗ, ಅವಳ ಗಂಡ ಚಿಕ್ಕಮಾದಯ್ಯ ಮುದ್ದೆಯ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ನಕ್ಕುಬಿಟ್ಟ.

"ಏಳೆಕ್ರೆ ನೀರಾವರಿ ಇರೋರು ಬಿಕ್ಸುಕ್ಕೆ ಒಂಟವ್ರೆ. ಅರ್ಧ ಎಕ್ರೆ ಒಣಭೂಮಿ ಇರೋಳು ಅವ್ರ ಜೊತೇಲಿ ಓಯ್ತಾವ್ಳೆ. ಚೆನ್ನಾಗದೆ ಕಣಮ್ಮಿ."

"ಮಾದಪ್ಪನ ಅರಕೆ. ನಗಬ್ಯಾಡ ನೀನು."

"ನಗ್ದೆ ಇನ್ನೇನ್ ಮಾಡ್ಲಿ? ಸರಿ, ಓಗು. ದಾರೀಲಿ ನೀರಿನ್ ಮಾತು ಇನ್ನೊಂದ್ ಸಲ ಕೇಳು. ಇಂತಾ ದಿನ ಮತ್ತೆ ಸಿಕ್ಕಲ್ಲ. ಇವತ್ತು ಅವ್ರೂ ಕೇಳೋರೇ ಅಲ್ವಾ?"

ನೀರಿನ ಮಾತು ಆ ಮನೆಯಲ್ಲಿ ಹಳೆಯದು. ಧನಗೆರೆಯ ಕೇರಿಯಲ್ಲಿ ಕೊನೆಯ ಮನೆ ಚಿಕ್ಕನಿಂಗಮ್ಮನದು. ಹಿತ್ತಲು ದಾಟಿದರೆ ಮಾವನ ಕಾಲದಲ್ಲಿ ಸರ್ಕಾರ ಕೊಟ್ಟ ಅರ್ಧ ಎಕರೆ. ಅದರಾಚೆ ಒಂದು ಬದು. ಬದುವಿನಾಚೆ ಚನ್ನಾಜಮ್ಮನವರ ಗಂಡ ಸದಾಶಿವಪ್ಪನವರ ತೋಟ. ಆ ಕಡೆ ತೆಂಗು, ಅರಿಶಿನ, ಕುಂತೂರಿನ ಕಾರ್ಖಾನೆಗೆ ಹೋಗುವ ಕಬ್ಬು. ಈ ಕಡೆ ಮಳೆ ಬಂದರೆ ಹುರುಳಿ, ಬರದಿದ್ದರೆ ಅದೂ ಇಲ್ಲ. ಕೊಳ್ಳೇಗಾಲದಲ್ಲಿ ಡಿಗ್ರಿ ಓದುತ್ತಿದ್ದ ಮಗಳು ಕುಸುಮ ಹೋದ ವರ್ಷ ಬೇಲಿಯ ಸಾಲಿಗೆ ಇಪ್ಪತ್ತು ಹಿಪ್ಪುನೇರಳೆ ಕಡ್ಡಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬದುಕಿಸಿದ್ದಳು. ಅರ್ಧ ಎಕರೆಯೂ ಸೊಪ್ಪಾದರೆ ಮನೆಯಲ್ಲೇ ರೇಷ್ಮೆ ಹುಳ ಸಾಕಬಹುದು, ಗೂಡು ಮಾರಲು ಕೊಳ್ಳೇಗಾಲದ ಮಾರುಕಟ್ಟೆ ಹತ್ತಿರದಲ್ಲೇ ಇದೆ ಎಂಬುದು ಅವಳ ಯೋಚನೆ. ಅದಕ್ಕೆ ಬೇಕಾದದ್ದು ವಾರಕ್ಕೆ ಎರಡು ದಿನದ ನೀರು. ಬದುವಿನಾಚೆ ಎರಡು ಬೋರ್‌ವೆಲ್ ಇದ್ದವು.

ಚಿಕ್ಕನಿಂಗಮ್ಮ ಎರಡು ಸಲ ಕೇಳಿದ್ದಳು. ಒಮ್ಮೆ ಕೊಟ್ಟಿಗೆ ಗುಡಿಸುವಾಗ, ಒಮ್ಮೆ ಅರಿಶಿನ ಕೀಳುವಾಗ. ಎರಡು ಸಲವೂ ಚನ್ನಾಜಮ್ಮನವರು ಒಂದೇ ಉತ್ತರ ಕೊಟ್ಟಿದ್ದರು. "ನಮಗೇ ಸಾಲ್ದು ಕಣೆ ನಿಂಗಮ್ಮ. ನಾವೇನ್ ಉಳ್ಳೋರಾ? ಎಂಗೋ ನಡುತರದೋರು."

ಆ ಮಾತಿನಲ್ಲಿ ಕಪಟವಿರಲಿಲ್ಲ ಎಂಬುದು ಚಿಕ್ಕನಿಂಗಮ್ಮನಿಗೆ ಗೊತ್ತಿತ್ತು. ಅದಕ್ಕೇ ಎರಡು ಸಲವೂ ತಿರುಗಿ ತನ್ನ ಕೆಲಸಕ್ಕೆ ಬಗ್ಗಿದ್ದಳು.

ಅವಳು ಹುಟ್ಟಿದ್ದು ರಾಮಾಪುರದ ಆಚೆ, ಕಾಡಿನ ಅಂಚಿನಲ್ಲಿ. ಅಲ್ಲಿ ಬಿತ್ತಿದ್ದರಲ್ಲಿ ಆನೆಗೆಷ್ಟು, ಹಂದಿಗೆಷ್ಟು ಎಂದು ಮೊದಲೇ ಬಿಟ್ಟುಕೊಟ್ಟು, ಉಳಿದದ್ದು ತಮ್ಮದು ಎಂದುಕೊಳ್ಳುತ್ತಿದ್ದರು. ಮದುವೆಯಾಗಿ ಧನಗೆರೆಗೆ ಬಂದ ಮಾರನೆಯ ದಿನ ಹಿತ್ತಲಿನಲ್ಲಿ ನಿಂತು, ಬೇಸಿಗೆಯಲ್ಲೂ ಹಸಿರಾಗಿದ್ದ ಆ ತೋಟವನ್ನು ನೋಡಿ, ಅದರ ಒಡೆಯರು ರಾಜರೇ ಇರಬೇಕು ಎಂದುಕೊಂಡಿದ್ದಳು. ಆ ಮೇಲೆ ಮೂವತ್ತೆರಡು ವರ್ಷ ಅದೇ ತೋಟದಲ್ಲಿ ಕಳೆ ಕಿತ್ತಳು, ನಾಟಿ ಹಾಕಿದಳು, ಅರಿಶಿನ ಬೇಯಿಸಿದಳು, ಅವರ ಕೊಟ್ಟಿಗೆ ನೋಡಿಕೊಂಡಳು. ಅಷ್ಟು ವರ್ಷವೂ ಅವಳು ಹೋದದ್ದು ಹಿತ್ತಲ ತನಕ. ಗೋಡೆಯ ಒಳಗೆ ಏನಿದೆಯೆಂದು ಕಂಡವಳಲ್ಲ. ಕಾಣದ್ದರಿಂದಲೇ ಅಲ್ಲೊಂದು ಕತ್ತಲ ಕೋಣೆ, ಕೋಣೆಯಲ್ಲೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಸೇರಿನಲ್ಲಿ ಅಳೆಯುವಷ್ಟು ಚಿನ್ನ ಇದೆಯೆಂದು ನಂಬಿಕೊಂಡಿದ್ದಳು. ಕುಸುಮ ಚಿಕ್ಕವಳಿದ್ದಾಗ ಅವಳಿಗೂ ಹಾಗೇ ಹೇಳಿದ್ದಳು.

"ಅಷ್ಟ್ ಚಿನ್ನ ಇರೋರು ಈರುಳ್ಳಿ ಗಾಡಿಯವನ್ ಅತ್ರ ಯಾಕವ್ವ ಅಷ್ಟೊತ್ತು ಚೌಕಾಸಿ ಮಾಡ್ತಾರೆ?" ಎಂದು ಮಗಳು ಕೇಳಿದ್ದಳು.

"ಅಂಗ್ ಮಾಡೇ ಉಳ್ಳೋರಾಗಿರೋದು," ಎಂದಿದ್ದಳು ತಾಯಿ.

ಹರಕೆಯ ವಿಷಯ ಹೀಗಿತ್ತು. ಚನ್ನಾಜಮ್ಮನವರ ಮಗಳು ಸೌಮ್ಯಳಿಗೆ ಮದುವೆಯಾಗಿ ಎಂಟು ವರ್ಷ ಮಕ್ಕಳಾಗಿರಲಿಲ್ಲ. ತಾಯಿ ಬೆಟ್ಟದ ದೇವರು ಮಾದಪ್ಪನಿಗೆ ಹರಕೆ ಹೊತ್ತರು. ಹೆಣ್ಣು ಮಗು ಹುಟ್ಟಿತು. ಈಗ ಅದಕ್ಕೆ ಏಳನೆಯ ತಿಂಗಳು, ಬರುವ ಸೋಮವಾರಕ್ಕೆ ಮುಂದಿನ ಸೋಮವಾರ ಅನ್ನಪ್ರಾಶನ. ಹರಕೆಯಿಂದ ಹುಟ್ಟಿದ ಮಗುವಿನ ಮೊದಲ ಅನ್ನ ಬೇಡಿ ತಂದ ಅಕ್ಕಿಯದೇ ಆಗಿರಬೇಕು ಎಂಬುದು ಆ ಮನೆಯಲ್ಲಿ ಚನ್ನಾಜಮ್ಮನವರ ಅತ್ತೆಯ ಕಾಲದಿಂದ ನಡೆದುಬಂದದ್ದು. ಬೇಡಬೇಕಾದ್ದು ಮೂರು ಹಿಡಿ ಕ್ವಾರಣ್ಯ, ಎಂದರೆ ಮಾದಪ್ಪನ ಹೆಸರಿನ ಭಿಕ್ಷೆ. ನಮಗಿಂತ ಉಳ್ಳವರ ಮನೆಯಿಂದ ಒಂದು, ನಮ್ಮ ಸರೀಕರ ಮನೆಯಿಂದ ಒಂದು, ನಮಗಿಂತ ಇಲ್ಲದವರ ಮನೆಯಿಂದ ಒಂದು. ಎಲ್ಲರ ಮನೆಯ ಅನ್ನ ಉಂಡ ಮಗು ಎಲ್ಲರಿಗೂ ಬೇಕಾದದ್ದಾಗುತ್ತದೆ ಎಂದು. ಕೊಡುವವರು ಅದನ್ನು ಬಾಯಿಬಿಟ್ಟು ಹೇಳಿ ಹಾಕಬೇಕು. ಹೇಳದೆ ಹಾಕಿದ ಹಿಡಿ ಹರಕೆಗೆ ಸಲ್ಲದು. ಜೋಳಿಗೆಗೆ ಮೂರು ಚೀಲ, ಬಲಗಡೆಯದು ಉಳ್ಳವರಿಗೆ, ನಡುವಿನದು ಸರೀಕರಿಗೆ, ಎಡಗಡೆಯದು ಇಲ್ಲದವರಿಗೆ. ಜೊತೆಗೆ ನೆಂಟರಲ್ಲದ ಒಬ್ಬ ಹೆಂಗಸು ಇರಬೇಕು. ಒಬ್ಬರಿಗೆ ದಣಿವಾದರೆ ಇನ್ನೊಬ್ಬರು ಹೊರಬಹುದು, ಜೋಳಿಗೆ ಯಾರ ಹೆಗಲ ಮೇಲಿದೆಯೋ ಆ ಗಳಿಗೆಗೆ ಅವರೇ ಬೇಡುವವರು.

ಅತ್ತೆಯ ಕಾಲದಲ್ಲಿ ಇದೆಲ್ಲ ಒಂದು ಗಂಟೆಯಲ್ಲಿ ಮುಗಿದಿತ್ತಂತೆ. ಉಳ್ಳವರೆಂದರೆ ಪಟೇಲರ ಮನೆ, ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ಸರೀಕರು ಪಕ್ಕದ ಮನೆಯವರು. ಇಲ್ಲದವರು ಹೊಲದಲ್ಲಿ ಕೆಲಸ ಮಾಡುತ್ತಿದ್ದವರು, ಕರೆದರೆ ಬಂದು ಕೊಟ್ಟುಹೋಗುತ್ತಿದ್ದರು.

ಸೋಮವಾರ ಬೆಳಗ್ಗೆ ಇಬ್ಬರೂ ಬರಿಗಾಲಲ್ಲಿ, ಹಣೆ ತುಂಬ ವಿಭೂತಿ ಇಟ್ಟುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದರು. ಕಂಡಕ್ಟರ್ ಇಬ್ಬರ ಆಧಾರ್ ಕಾರ್ಡನ್ನೂ ನೋಡಿ ಎರಡು ಫ್ರೀ ಟಿಕೆಟ್ ಹರಿದುಕೊಟ್ಟ.

"ನೋಡು, ನಂಗೂ ಅದೇ ಟಿಕೇಟು, ನಿಂಗೂ ಅದೇ ಟಿಕೇಟು," ಎಂದರು ಚನ್ನಾಜಮ್ಮ ಸಂತೋಷದಿಂದ. "ಕಾಲ್ಡೂ ಅಷ್ಟೇ. ನಮ್ದೂ ಬಿಪಿಎಲ್ಲು, ನಿಮ್ದೂ ಬಿಪಿಎಲ್ಲು. ಜನ ಸುಮ್ಗೆ ನಮ್ಮುನ್ನ ಉಳ್ಳೋರು ಅಂತಾರೆ."

ಆ ಮನೆಯ ರೇಷನ್ ಅಕ್ಕಿ ಏನಾಗುತ್ತದೆಂದು ಚಿಕ್ಕನಿಂಗಮ್ಮನಿಗೆ ಗೊತ್ತಿತ್ತು. ಅವಳು ಕಿಟಕಿಯಾಚೆ ನೋಡುತ್ತ ಕೂತಳು.

ಉಳ್ಳವರ ಹಿಡಿಗೆಂದು ಚನ್ನಾಜಮ್ಮ ಆರಿಸಿಕೊಂಡಿದ್ದು ತೀರಿಕೊಂಡ ಅಣ್ಣನ ಮಗ ಗುರುಪ್ರಕಾಶನ ಮನೆಯನ್ನು. ಅವನಿಗೆ ಅಕ್ಕಿ ಗಿರಣಿ ಇತ್ತು, ಮೂರು ಅಂತಸ್ತಿನ ಮನೆ ಇತ್ತು. ಗೇಟಿನಲ್ಲಿ ನಿಂತು "ಮಾದಪ್ಪನ ಕ್ವಾರಣ್ಯ ಕೊಡಿ" ಎಂದು ಕೂಗಬೇಕಾದಾಗ ಚನ್ನಾಜಮ್ಮನವರು ಚಿಕ್ಕನಿಂಗಮ್ಮನ ಕಡೆ ನೋಡಿದರು. ಹುಟ್ಟಿದಾಗಿನಿಂದ ಬೇಡಿದವರಲ್ಲ. ಚಿಕ್ಕನಿಂಗಮ್ಮನೇ ಕೂಗಿದಳು.

ಗುರುಪ್ರಕಾಶನ ಹೆಂಡತಿ ದೀಪಶ್ರೀ ಓಡಿಬಂದಳು. ವಿಷಯ ತಿಳಿದು, ಬೆಳ್ಳಿಯ ಬಟ್ಟಲಿನಲ್ಲಿ ಅಕ್ಕಿ ತಂದಳು.

"ಉಳ್ಳೋರ ಹಿಡಿ ಅಂತ ಯೋಳ್ಬುಟ್ಟು ಹಾಕಮ್ಮ," ಎಂದರು ಚನ್ನಾಜಮ್ಮ.

ದೀಪಶ್ರೀಯ ಕೈ ಅಲ್ಲೇ ನಿಂತಿತು. ಅವಳು ಗಂಡನ ಮುಖ ನೋಡಿದಳು.

"ನಾವಾ ಅತ್ತೆ?" ಎಂದ ಗುರುಪ್ರಕಾಶ. "ಈ ಮನೇಲಿ ಅರ್ಧ ಬ್ಯಾಂಕಿಂದು. ಎದುರು ಮನೆ ನೋಡಿ, ಉದಯಕುಮಾರ್ ಅಂತ ಕಂಟ್ರಾಕ್ಟರು. ಮನೆ ಒಳಗೇ ಲಿಫ್ಟ್ ಮಡಗವ್ರೆ. ಅವ್ರ ಮುಂದೆ ನಾವ್ ಎಲ್ಲಿ? ನಡುತರದೋರು ಕಣತ್ತೆ."

"ನಂಗಿಂತ ಉಳ್ಳೋನು ಅಂದ್ರೆ ಸಾಕು ಕಣಪ್ಪ."

"ಅಂತ ನಾನ್ ಬಾಯ್ ಬಿಟ್ಟೆ ಅನ್ನಿ, ನಾಳೆ ಗಣಪತಿ ಚಂದಾದೋರು ಮೊದ್ಲು ನನ್ ಗೇಟಿಗೇ ಬತ್ತಾರೆ. ಅದ್ ಬಿಡಿ, ಮಾದಪ್ಪನ ಎಸರಲ್ಲಿ ಸುಳ್ಳು ಯೋಳಕ್ಕಾಯ್ತದಾ? ಸರೀಕರ ಹಿಡಿ ಅಂತ ಕೊಡ್ತೀನಿ, ಬೊಗಸೆ ತುಂಬ ತಕಳಿ."

ಅಕ್ಕಿ ನಡುವಿನ ಚೀಲಕ್ಕೆ ಬಿತ್ತು.

ಎದುರು ಮನೆಯಲ್ಲಿ ಲಿಫ್ಟ್ ನಿಜಕ್ಕೂ ಇತ್ತು. ಉದಯಕುಮಾರ್ ಅದನ್ನು ತಾಯಿಯ ಮಂಡಿ ನೋವಿಗಾಗಿ ಹಾಕಿಸಿದ್ದಂತೆ. "ಉಳ್ಳೋರು ಬೇಕಾದ್ರೆ ಮೈಸೂರಿಗೆ ಹೋಗ್ಬೇಕಮ್ಮ," ಎಂದರು ಅವರು ಬಹಳ ವಿನಯದಿಂದ. "ಅಲ್ಲಿಯೋರ ಮುಂದೆ ನಾವು ಬಿಲ್ಲಿನ ಹಿಂದೆ ಅಲೆಯೋ ಜನ." ಅಂದೇ ಮೊದಲು ಕಂಡ ಚನ್ನಾಜಮ್ಮನವರಿಗೆ ಅವರೂ ಸರೀಕರಾಗಿ ಎರಡು ಬೊಗಸೆ ಹಾಕಿದರು.

ತಿರುಗಿ ಬರುವ ಬಸ್ಸಿನಲ್ಲಿ ಚನ್ನಾಜಮ್ಮ ಮಾತಾಡುತ್ತಲೇ ಬಂದರು. ಯಳಂದೂರಿನ ಕಡೆಯ ತವರು, ನಾಲ್ಕು ಜನ ಹೆಣ್ಣುಮಕ್ಕಳಲ್ಲಿ ತಾವು ಕೊನೆಯವರು, ಅಕ್ಕಂದಿರೆಲ್ಲ ಪೇಟೆ ಸೇರಿದರು, ಅಣ್ಣ ಕೊಳ್ಳೇಗಾಲದಲ್ಲಿ ಗಿರಣಿ ಹಾಕಿದ, ತಾವೊಬ್ಬರೇ ಹಳ್ಳಿಗೆ ಬಿದ್ದದ್ದು. ಗೌರಿ ಹಬ್ಬಕ್ಕೆ ಅಣ್ಣನ ಮನೆಗೆ ಹೋದಾಗಲೆಲ್ಲ ಅತ್ತಿಗೆ ಏನಾದರೊಂದು ಹೊಸದು ತೋರಿಸುತ್ತಿದ್ದರು. "ನಮ್ಮನೆಗೆ ಪ್ರಿಜ್ಜು ಬಂದಿದ್ದು ಅವ್ರಿಗಿಂತ ಅತ್ತು ವರ್ಸ ತಡ್ವಾಗಿ ಕಣೆ ನಿಂಗಮ್ಮ. ಗ್ಯಾಸೂ ಅಷ್ಟೆ. ಮಡ್ಲಕ್ಕಿ ಇಡ್ಕಂಡು ವಾಪಸ್ ಬರುವಾಗ ದಾರಿ ಉದ್ದುಕ್ಕೂ ಅದೇ ಯೋಚ್ನೆ."

ಚಿಕ್ಕನಿಂಗಮ್ಮನ ಮನೆಯಲ್ಲಿ ಫ್ರಿಜ್ ಇನ್ನೂ ಬಂದಿರಲಿಲ್ಲ. ಆದರೂ ಆ ದನಿಯಲ್ಲಿದ್ದ ನೋವು ಸುಳ್ಳಲ್ಲ ಎಂದು ಅವಳಿಗೆ ತಿಳಿಯಿತು. ನಲವತ್ತು ವರ್ಷ ಒಂದೇ ದಿಕ್ಕಿಗೆ ನೋಡಿದವರು ಪಾಪ, ಕತ್ತು ಹಿಡಿದುಕೊಂಡಿರಬೇಕು ಎಂದುಕೊಂಡಳು.

ಊರಿಗೆ ಬಂದು ನಿವೃತ್ತ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರ ಹೆಂಡತಿ ಯಶೋದ ಕೇಳುವುದಕ್ಕೂ ಮೊದಲೇ ಮೊರದ ತುಂಬ ಅಕ್ಕಿ ತಂದು, ಖುಷಿಯಿಂದ "ಸರೀಕರ ಹಿಡಿ" ಎಂದು ಸುರಿದರು. ಹರಕೆಗೆ ಬೇಕಾದ್ದು ಒಂದೇ ಹಿಡಿ, ಅದಾಗಲೇ ಮೂರು ಪಾಲಾಗಿತ್ತು. ಚನ್ನಾಜಮ್ಮ ಇನ್ನೊಂದು ಆಸೆಯಿಂದ ಕೇಳಿದರು.

"ಯಶೋದ, ನಿಮ್ಗೆ ತಿಂಗ್ಳಾ ತಿಂಗ್ಳಾ ಪೆನ್ಸನ್ ಬತ್ತದೆ. ಮಳೆ ಬೇಕಾ, ಬೆಳೆ ಬೇಕಾ? ಇನ್ನೊಂದ್ ಹಿಡಿ ಉಳ್ಳೋರುದು ಅಂತ ಹಾಕ್ಬುಡಿ."

ಯಶೋದ ನಕ್ಕರು. "ಚನ್ನಾಜಕ್ಕ, ನಮ್ ಯಜಮಾನ್ರ ಪೆನ್ಸನ್ನು ನಿಮ್ ತೆಂಗಿನ್ ಮರದ ಬುಡುಕ್ಕೆ ಸಾಲ್ದು. ನೀವೇ ಊರಿಗೆ ಉಳ್ಳೋರು ಅಂದ್ಕಂಡಿದ್ದೆ. ಸರೀಕರು ಅಂತ ನಮ್ ಬಾಗ್ಲಿಗೆ ಬಂದ್ರಲ್ಲ ಅಂತ ಕುಸಿಯಾಗಿ ಮೊರ ತುಂಬ ತಂದೆ."

ಚನ್ನಾಜಮ್ಮನವರ ಮುಖ ಕೆಂಪಾಯಿತು. "ಬರೀ ಏಳೆಕ್ರೆ ಕಣಮ್ಮ," ಎಂದು ಹೊರಟರು.

ಉಳ್ಳವರು ಸಿಗದಿದ್ದರೆ ಇಲ್ಲದವರಾದರೂ ಸಿಗಲಿ ಎಂದು ಮಾದಸ್ವಾಮಿಯ ಮನೆಗೆ ನಡೆದರು. ಊರಿನ ಇನ್ನೊಂದು ತುದಿಯಲ್ಲಿ ತಗಡಿನ ಮಾಡಿನ ಒಂಟಿ ಕೋಣೆ. ಅವನ ಜಮೀನು ಚಿಕ್ಕನಿಂಗಮ್ಮನ ಅರ್ಧ ಎಕರೆಗೆ ಅಂಟಿಕೊಂಡ ಕಲ್ಲುಭೂಮಿ, ಅದರಲ್ಲಿ ಆಡು ಮೇಯುತ್ತಿದ್ದವು. ಇವನಂತೂ ಇಲ್ಲ ಅನ್ನಲಾರ ಎಂದು ಚಿಕ್ಕನಿಂಗಮ್ಮನಿಗೂ ಅನಿಸಿತ್ತು.

ಮಾದಸ್ವಾಮಿ ಆಡಿನ ಹಗ್ಗ ಬಿಚ್ಚುತ್ತಿದ್ದವನು ತಲೆ ಎತ್ತಿದ. "ಇಲ್ದೋರು ಅಂದ್ರೆ ನಾನಾ ನಿಂಗಮ್ಮಕ್ಕ? ಅನ್ನೊಂದು ಆಡು ಅವೆ. ಒಬ್ರ ತಾವ ಕೈ ಚಾಚಿಲ್ಲ. ಈ ವರ್ಸ ಮಗಳ್ಗೆ ಗಂಡು ನೋಡ್ತಾವ್ನಿ. ಇಲ್ದೋರ ಹಿಡಿ ಅಂತ ಬೀದೀಲಿ ನಿಂತ್ಕಂಡು ಕೂಗಿದ್ರೆ, ಬರೋ ಗಂಡು ಅರ್ಧ ದಾರೀಲೇ ತಿರೀಕಂಡು ಓಯ್ತನೆ." ಆಮೇಲೆ ಚನ್ನಾಜಮ್ಮನವರ ಕಡೆ ತಿರುಗಿ ಮೆತ್ತಗೆ ಕೇಳಿದ. "ನಾವೂ ನಡುತರದೋರೇ ಕಣವ್ವ. ತಪ್ಪು ತಿಳೀಬ್ಯಾಡಿ. ಸರೀಕರುದು ಅಂತ ಹಾಕ್ಲಾ?"

ಬೇರೆ ದಿನವಾಗಿದ್ದರೆ ಚನ್ನಾಜಮ್ಮ ಏನನ್ನುತ್ತಿದ್ದರೋ. ಅವತ್ತು ಜೋಳಿಗೆ ಒಡ್ಡಿದರು. ಲಿಫ್ಟಿನ ಮನೆಯ ಸಣ್ಣಕ್ಕಿಯ ಮೇಲೆ ಮಾದಸ್ವಾಮಿಯ ರೇಷನ್ ಅಕ್ಕಿ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಚನ್ನಾಜಮ್ಮನವರ ಮನೆಯ ಜಗಲಿಗೆ ಬಂದು ಕೂತರು. ನಡುವಿನ ಚೀಲ ಗರ್ಭಿಣಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ಎಡಬಲದ ಎರಡು ಚೀಲಗಳು ಇಸ್ತ್ರಿ ಮಾಡಿದ ಬಟ್ಟೆಯಂತೆ ಮಲಗಿದ್ದವು. ಒಳಗೆ ಮಗು ಏನೋ ಕಂಡು ಕೇಕೆ ಹಾಕುತ್ತಿತ್ತು, ಸೌಮ್ಯ ಅದರೊಡನೆ ಮಾತಾಡುತ್ತಿದ್ದಳು. ಅದನ್ನು ಕೇಳಿ ಚನ್ನಾಜಮ್ಮನವರ ಕಣ್ಣು ತುಂಬಿತು.

"ಎಂಟು ವರ್ಸಕ್ಕೆ ಕೊಟ್ಟವ್ನೆ ಮಾದಪ್ಪ. ಕೊಟ್ಟ ಮಾತು ಉಳಿಸ್ಕಳಕ್ಕೆ ಆಗ್ಲಿಲ್ವಲ್ಲ. ಆ ಮಗೀನ್ ಬಾಯ್ಗೆ ಅನ್ನ ಎಂಗಮ್ಮಿ ಇಕ್ಲಿ?" ಸೆರಗಿನಿಂದ ಕಣ್ಣೊರೆಸಿಕೊಂಡು ಚಿಕ್ಕನಿಂಗಮ್ಮನ ಕಡೆ ತಿರುಗಿದರು. "ನೀನಾದ್ರೂ ಕೊಡು. ಇಲ್ದೋರ ಹಿಡಿ ಅಂತ. ಅರ್ಧವಾದ್ರೂ ಮುಗೀಲಿ."

ಚಿಕ್ಕನಿಂಗಮ್ಮ ತಟ್ಟನೆ ಹೂಂ ಅನ್ನಲಿಲ್ಲ. ನಾಚಿಕೆಯಿಂದಲ್ಲ. ಬೆಳಗಿನಿಂದ ಕಂಡ ಊರೆಲ್ಲ ನಡುವಿನ ಚೀಲದಲ್ಲಿ ಕೂತು, ತಾನೊಬ್ಬಳೇ ಎಡಗಡೆಯ ಚೀಲಕ್ಕೆ ಇಳಿಯುವುದು ಅವಳಿಗೆ ಸರಿಕಾಣಲಿಲ್ಲ. ಎಡಗಡೆ ಒಬ್ಬರಿದ್ದಾರೆ ಎಂದ ಮೇಲೆ ಬಲಗಡೆಯೂ ಯಾರಾದರೂ ಇರಬೇಕಲ್ಲ.

"ಕೊಡ್ತೀನಿ ಅಮ್ಮಾರೇ. ಇಲ್ಲ ಅನ್ನಕಿಲ್ಲ," ಎಂದಳು. "ಆದ್ರೆ ಮೊದ್ಲು ಬಲಗಡೇದು ತುಂಬ್ಲಿ."

"ಅದೆಲ್ಲಿ ತುಂಬ್ತದೆ? ಕೊಳ್ಳೇಗಾಲನೇ ತಿರುಗಿ ಬಂದಾಯ್ತಲ್ಲ."

"ಅಷ್ಟ್ ದೂರ ಯಾಕ್ ಓಗ್ಬೇಕಾಗಿತ್ತು? ನನ್ನ ಕೇಳಿದ್ರೆ ಬೆಳಗ್ಗೇನೇ ಯೋಳ್ತಿದ್ದೆ. ಉಳ್ಳೋರ ಮನೆ ಯಾವ್ದು ಅಂತ ನಾನು ಮೂವತ್ತೆರಡು ವರ್ಸದಿಂದ ನೋಡ್ತಾವ್ನಿ."

"ಯಾವ್ದು?"

ಚಿಕ್ಕನಿಂಗಮ್ಮ ಜಗಲಿಯ ಕಂಬವನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದಳು.

"ಉಚ್ಚು ಇಡೀತಾ ನಿಂಗೆ," ಎಂದರು ಚನ್ನಾಜಮ್ಮ. "ಮಾಳಿಗೆಗೆ ಗಾರೆ ಮಾಡ್ಸಿ ಅಂತ ಎಂಟು ವರ್ಸದಿಂದ ಬಡ್ಕತಾವ್ನಿ, ಆಗಿಲ್ಲ. ಇಬ್ರುದೂ ಒಂದೇ ಕಾಲ್ಡು ಅಂತ ಬಸ್ಸಲ್ಲೇ ಯೋಳ್ಲಿಲ್ವಾ?"

"ಕಾಲ್ಡು ಒಂದೇ ಅಮ್ಮಾರೇ. ಅಕ್ಕೀನೂ ಒಂದೇ ಅಂಗ್ಡೀದು. ನಮ್ಮನೇಲಿ ಅದು ಅನ್ನ ಆಯ್ತದೆ, ಇಲ್ಲಿ ದನುಕ್ಕೆ ಗಂಜಿ ಆಯ್ತದೆ. ಬೇಯ್ಸೋಳು ನಾನೇ ಅಲ್ವಾ?"

ಅವಳ ದನಿ ಏರಿರಲಿಲ್ಲ. ಹಸು ಎಷ್ಟು ಹಾಲು ಕೊಟ್ಟಿತು ಎಂದು ಹೇಳುವ ಹಾಗೇ ಹೇಳಿದ್ದಳು. ಆಮೇಲೆ ಅದೇ ದನಿಯಲ್ಲಿ ಮುಂದುವರಿಸಿದಳು.

"ಬಿತ್ನೆ ರಾಗಿ ಇಲ್ದಿದ್ದಾಗ ನಿಮ್ ಬಾಗ್ಲಿಗೆ ಬಂದೆ. ಕುಸುಮ ಉಟ್ಟೋ ದಿನ ನಿಮ್ ಟ್ರ್ಯಾಕ್ಟ್ರು ಕೇಳ್ಕಂಡು ನಮ್ಮನೆಯೋರು ಬಂದ್ರು. ಮಾಡಿನ್ ತಗಡು ಗಾಳಿಗೆ ಆರೋದಾಗ ಟಾರ್ಪಾಲ್ ಕೇಳಕ್ಕೆ ಬಂದೆ. ಕೊಟ್ರಿ. ಅದುನ್ನ ಮರ್ತಿಲ್ಲ. ನೀವು ಕೇಳಕ್ಕೆ ಅಂತ ಯಾರ್ ಬಾಗ್ಲಿಗೆ ಓಗಿದ್ರಿ ಅಮ್ಮಾರೇ?"

ಚನ್ನಾಜಮ್ಮ ಬಹಳ ಹೊತ್ತು ಯೋಚಿಸಿದರು. ಒಂದೊಂದು ವರ್ಷವನ್ನೂ ತಿರುವಿ ನೋಡುತ್ತಿರುವಂತಿತ್ತು.

"ಇವತ್ತೇ ಮೊದ್ಲು," ಎಂದರು ಕಡೆಗೆ. ಆಮೇಲೆ, "ಆದ್ರೂ ನಂಗಿಂತ ಉಳ್ಳೋಳು ನಾನೇ ಎಂಗಾಯ್ತೀನಿ?"

"ಜೋಳಿಗೆ ಎಗ್ಲ ಮೇಲಿರೋರೇ ಬೇಡೋರು ಅಂತ ನಿಮ್ಮತ್ತೆಮ್ಮ ಮಡಗಿರೋ ಕಟ್ಟು. ಇತ್ಲಾಗ್ ಕೊಡಿ. ನಾನ್ ಬೇಡ್ತೀನಿ."

ಚಿಕ್ಕನಿಂಗಮ್ಮ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಬೀದಿಗೆ ನಿಂತಳು. ಚನ್ನಾಜಮ್ಮ ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಕೂಗು ಬಂತು. "ಅಕ್ಕಿ ಡ್ರಮ್ಮಿನ ಮುಚ್ಚುಳ ಬಿಗ್ದೋಗದೆ. ಬಾ ನಿಂಗಮ್ಮ ಒಳೀಕೆ, ಒಂದ್ ಕೈ ಆಕು."

ಹೊಸ್ತಿಲ ಮುಂದೆ ಅವಳ ಕಾಲು ಒಂದು ಗಳಿಗೆ ನಿಂತಿತು. ಮೂವತ್ತೆರಡು ವರ್ಷದ ಅಭ್ಯಾಸ. "ಬಾ ಅಂದ್ನಲ್ಲ," ಎಂದು ಒಳಗಿನಿಂದ ಇನ್ನೊಮ್ಮೆ ದನಿ ಬಂದ ಮೇಲೆ ದಾಟಿದಳು. ನಡುಮನೆಯಲ್ಲಿ ಹಳೆಯ ಟಿವಿ, ಸದಾಶಿವಪ್ಪನವರ ಬಿಪಿ ಮಾತ್ರೆಯ ಡಬ್ಬಿ, ಕಾಲು ಅಲುಗಾಡುವ ಮಂಚ. ಅಕ್ಕಿ ಇದ್ದದ್ದು ಕತ್ತಲ ಕೋಣೆಯಲ್ಲೇ, ಅವಳು ನಂಬಿಕೊಂಡಿದ್ದ ಕೋಣೆ ಅದೇ ಇರಬೇಕು. ಅಲ್ಲಿ ಕಬ್ಬಿಣದ ಪೆಟ್ಟಿಗೆಯೂ ಇತ್ತು. ಅದರ ಮುಚ್ಚಳ ತೆರೆದೇ ಇತ್ತು, ಒಳಗೆ ಹಳೆಯ ಕಂಬಳಿ, ನುಸಿಗುಳಿಗೆ. ಗೋಡೆಯುದ್ದಕ್ಕೂ ಎದೆಯೆತ್ತರಕ್ಕೆ ಭತ್ತದ ಮೂಟೆ. ಮುಂದಿನ ಬೆಳೆ ಕೈಕೊಟ್ಟರೂ ಆ ಮನೆ ಹಸಿಯುವುದಿಲ್ಲ. ಚಿನ್ನದ ಸೇರಿನ ಕಥೆ ಸುಳ್ಳಾಯಿತಲ್ಲ ಎಂದು ಅವಳಿಗೆ ಒಳಗೊಳಗೇ ನಗು ಬಂತು. ಮೂಟೆಗಳನ್ನು ನೋಡಿದಾಗ, ಜಗಲಿಯಲ್ಲಿ ತಾನಾಡಿದ ಮಾತು ಸುಳ್ಳಲ್ಲ ಎಂದೂ ಆಯಿತು.

ಮುಚ್ಚಳ ತೆಗೆದುಕೊಟ್ಟು ಬಂದು ಮತ್ತೆ ಬೀದಿಯಲ್ಲಿ ನಿಂತು ಕೂಗಿದಳು. "ಮಾದಪ್ಪನ ಕ್ವಾರಣ್ಯ ಕೊಡಿ."

ಚನ್ನಾಜಮ್ಮ ಹಿಡಿ ಅಕ್ಕಿಯೊಂದಿಗೆ ಹೊಸ್ತಿಲಿಗೆ ಬಂದರು. ಕೂಗು ಕೇಳಿ ಸದಾಶಿವಪ್ಪನವರೂ ಹಿಂದೆಯೇ ಬಂದರು. ಅಷ್ಟು ಹೊತ್ತಿಗೆ ಬೀದಿಯಲ್ಲಿ ಮೂರು ನಾಲ್ಕು ಜನ ನಿಂತಿದ್ದರು, ಯಶೋದ ತಮ್ಮ ಬಾಗಿಲಿನಿಂದಲೇ ಇಣುಕುತ್ತಿದ್ದರು.

"ಸರೀ..." ಎಂದು ಬಾಯಿಗೆ ಬಂದದ್ದನ್ನು ಚನ್ನಾಜಮ್ಮ ನುಂಗಿಕೊಂಡರು. ಒಮ್ಮೆ ಉಸಿರೆಳೆದು ಹೇಳಿದರು. "ಉಳ್ಳೋರ ಹಿಡಿ."

"ಮೆತ್ತಗೆ ಯೋಳೆ," ಎಂದರು ಸದಾಶಿವಪ್ಪ ಹಿಂದಿನಿಂದ. "ಬೀದಿಗೆಲ್ಲ ಕೇಳ್ತದೆ."

"ಕೇಳ್ಲಿ ಬುಡಿ. ಮಾದಪ್ಪಂಗೂ ಕೇಳ್ಬೇಕಲ್ಲ."

ಬಲಗಡೆಯ ಚೀಲಕ್ಕೆ ಅಕ್ಕಿ ಬಿದ್ದಾಗ ಚಿಕ್ಕನಿಂಗಮ್ಮನ ನಾಲಿಗೆಯ ತುದಿಗೆ ನೀರಿನ ಮಾತು ಬಂದಿತ್ತು. ಬಾಗಿಲು ತೆರೆದಿತ್ತು, ಮಾತು ಹೊರಬಿದ್ದಿತ್ತು, ಜೋಳಿಗೆ ತನ್ನ ಹೆಗಲ ಮೇಲೇ ಇತ್ತು. ಆದರೆ ಅದು ದೇವರ ಜೋಳಿಗೆ. ಅದನ್ನು ಒಡ್ಡಿ ತನ್ನದನ್ನು ಕೇಳಲು ಅವಳಿಗೆ ಮನಸ್ಸು ಒಪ್ಪಲಿಲ್ಲ. ಕಣ್ಣಿಗೊತ್ತಿಕೊಂಡು, ಜೋಳಿಗೆಯನ್ನು ಚನ್ನಾಜಮ್ಮನವರ ಹೆಗಲಿಗೆ ತಿರುಗಿ ಹಾಕಿದಳು.

ಚಿಕ್ಕನಿಂಗಮ್ಮನ ಕೇರಿಗೆ ಚನ್ನಾಜಮ್ಮ ನಡೆದು ಬಂದದ್ದು ಅದೇ ಮೊದಲು. ಚಿಕ್ಕಮಾದಯ್ಯ ಮಂಚದಿಂದ ಎದ್ದು ಟವೆಲು ಕೊಡವಿಕೊಂಡ. ಕಾಲೇಜಿನಿಂದ ಆಗಷ್ಟೇ ಬಂದಿದ್ದ ಕುಸುಮ, ತಾಯಿ ಮಡಕೆಯಿಂದ ಅಕ್ಕಿ ತೆಗೆಯುವುದನ್ನು ನೋಡಿದಳು. ಏನು ಹೇಳಿ ಹಾಕಬೇಕೆಂಬುದು ಅವಳಿಗೆ ಗೊತ್ತಿತ್ತು.

"ಅವ್ವ, ಅಂಗನ್ಬೇಡ. ನಾವ್ಯಾಕ್ ಇಲ್ದೋರು? ಮನೆ ಅದೆ, ನಾನ್ ಓದ್ತಾ ಇವ್ನಿ, ಅಪ್ಪುಂಗೆ ಕಬ್ಬು ತುಂಬೋ ಕೆಲ್ಸ ಅದೆ. ಏನಿಲ್ಲ ನಮ್ಗೆ?"

ಚಿಕ್ಕನಿಂಗಮ್ಮ ಹಿಡಿಯನ್ನು ಹಾಗೇ ಹಿಡಿದುಕೊಂಡು ನಿಜವಾಗಿಯೂ ಯೋಚಿಸಿದಳು. ಮಗಳು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು, ಅಷ್ಟೆ.

"ನೀರೊಂದಿಲ್ಲ ಕಣ್ಮಗಾ," ಎಂದಳು. "ಇಲ್ದೋರ ಹಿಡಿ," ಎಂದು ಎಡಗಡೆಯ ಚೀಲಕ್ಕೆ ಹಾಕಿದಳು.

ಹಾಕಿದ ಮೇಲೆ ತಾನು ಯಾರ ಮುಂದೆ ಏನು ಹೇಳಿದೆನೆಂದು ಹೊಳೆದು ತಲೆ ತಗ್ಗಿಸಿದಳು. ಚನ್ನಾಜಮ್ಮ ಕುಸುಮ ಕೊಟ್ಟ ಮಜ್ಜಿಗೆಯ ಲೋಟ ಹಿಡಿದುಕೊಂಡು ಹಿತ್ತಲಿಗೆ ನಡೆದರು. ಬೇಲಿಯ ಸಾಲಿನಲ್ಲಿ ಇಪ್ಪತ್ತು ಹಿಪ್ಪುನೇರಳೆ ಗಿಡ, ಒಂದೊಂದರ ಬುಡದಲ್ಲೂ ಅಂಗೈಯಗಲ ಒದ್ದೆ ಮಣ್ಣು. ಅದರಾಚೆ ಬಿರುಕುಬಿಟ್ಟ ಅರ್ಧ ಎಕರೆ. ಅದರಾಚೆ, ಬದುವಿನ ಮೇಲೆ, ತೆಂಗಿನ ಸಾಲು ಬಾನಿಗೆ ಅಂಟಿಕೊಂಡಂತೆ ನಿಂತಿತ್ತು.

ಚನ್ನಾಜಮ್ಮ ಮಜ್ಜಿಗೆ ಕುಡಿಯುವುದನ್ನು ಬಿಟ್ಟು ನೋಡುತ್ತಲೇ ಇದ್ದರು.

"ನಮ್ ತೋಟನಾ ಇದು?" ಎಂದರು. "ಇಲ್ಲಿಂದ ಏಟು ದೊಡ್ಡದಾಗಿ ಕಾಣ್ತದಲ್ಲೆ ನಿಂಗಮ್ಮ."

ಮಜ್ಜಿಗೆ ಕುಡಿದು, ಜೋಳಿಗೆ ಸರಿಮಾಡಿಕೊಂಡು ಹೊರಟುಹೋದರು.

ಗುರುವಾರ ಬೆಳಗ್ಗೆ ಬದುವಿನ ಮೇಲೆ ಸದಾಶಿವಪ್ಪನವರೇ ಬಂದು ನಿಂತಿದ್ದರು, ಕೈಯಲ್ಲಿ ಕಪ್ಪು ಪೈಪಿನ ಸುರುಳಿ. ಮುಖ ಗಂಟಿಕ್ಕಿತ್ತು. "ಗುರ್‌ವಾರ, ಸೋಮ್ವಾರ, ಎರಡೆರಡ್ ಗಂಟೆ. ಕರೆಂಟ್ ಓದ್ರೆ ನನ್ನ ಕೇಳ್ಬ್ಯಾಡಿ," ಎಂದರು. "ನಿಮ್ಮಮ್ಮಾರು ಬಾಯ್ ಬಿಟ್ಟಿದ್ದೇ ಬಿಟ್ಟಿದ್ದು, ಸ್ಕೂಲ್ ಗೇಟಿಗೆ ಕೊಡಿ, ಭಜ್ನೆ ಮನೆಗೆ ಕೊಡಿ ಅಂತ ದಿನಾ ಜನ. ನಂಗೂ ನೋಡ್ಕಂಡು ನೋಡ್ಕಂಡು ನಗು ಬತ್ತದೆ." ನಗು ಮಾತ್ರ ಬರಲಿಲ್ಲ. ಆದರೆ ಪೈಪಿನ ಬಾಯಿಗೆ ಕ್ಲಿಪ್ ಬಿಗಿಯುವಾಗ ಎರಡು ಸಲ ಎಳೆದು ನೋಡಿ, ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಹೋದರು.

ಅನ್ನಪ್ರಾಶನದ ದಿನ ಚಿಕ್ಕನಿಂಗಮ್ಮ ಆ ಮನೆಯ ನಡುಮನೆಯಲ್ಲಿ ಕೂತಿದ್ದಳು. ಮೂರು ಚೀಲದಿಂದ ಒಂದೊಂದು ಹಿಡಿ ತೆಗೆದು ಬೇಯಿಸಿದ್ದರು. ಮಗು ಮೊದಲ ತುತ್ತನ್ನು ಉಗುಳಿ ಎಲ್ಲರ ಮುಖ ನೋಡಿತು, ಎರಡನೆಯದನ್ನು ಚಪ್ಪರಿಸಿತು. ನಡುವಿನ ಚೀಲದಲ್ಲಿ ಉಳಿದ ಅಕ್ಕಿ ಪೊಂಗಲಾಯಿತು, ಮಾದಸ್ವಾಮಿ ಎರಡು ಸಲ ಹಾಕಿಸಿಕೊಂಡ.

ಈಗ ಎಂಟು ತಿಂಗಳಾಯಿತು. ಅರ್ಧ ಎಕರೆಯಲ್ಲಿ ಸೊಪ್ಪು ಸೊಂಟದುದ್ದ ಬಂದಿದೆ. ಮನೆಯ ಒಳಕೋಣೆಯಲ್ಲಿ ಹುಳ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ, ಚಿಕ್ಕಮಾದಯ್ಯ ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಾನೆ. ಮೊದಲ ಗೂಡನ್ನು ಕುಸುಮಳೇ ಕೊಳ್ಳೇಗಾಲಕ್ಕೆ ಒಯ್ದು ಬಂದಳು. ಫ್ರಿಜ್ ಇನ್ನೂ ಬಂದಿಲ್ಲ, ಅದರ ಮಾತು ಮಾತ್ರ ಬಂದಿದೆ.

ಹೋದ ಸೋಮವಾರ ಚಿಕ್ಕನಿಂಗಮ್ಮ ಸನಿಕೆ ಹಿಡಿದು ಸಾಲಿನಿಂದ ಸಾಲಿಗೆ ನೀರು ತಿರುಗಿಸುತ್ತಿದ್ದಾಗ, ಪಕ್ಕದ ಕಲ್ಲುಭೂಮಿಯಿಂದ ಮಾದಸ್ವಾಮಿ ಬಂದು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತ. ಆಡಿನ ವಿಷಯ ಮಾತಾಡಿದ, ಮಗಳಿಗೆ ಗಂಡು ಗೊತ್ತಾದದ್ದು ಹೇಳಿದ. ಆಮೇಲೆ ನೆಲ ಕೆರೆಯುತ್ತ ಕೇಳಿದ.

"ನಿಂಗಮ್ಮಕ್ಕ, ನಿಮ್ ಕೊನೇ ಸಾಲಿಂದ ಕಾಲ್ಗಂಟೆ ನೀರು ಇತ್ಲಾಗ್ ಬುಟ್ರೆ, ಆಡಿಗೆ ಒಸಿ ಮೇವು ಆಕ್ಕತಿದ್ದೆ."

ಚಿಕ್ಕನಿಂಗಮ್ಮ ತಲೆ ಎತ್ತದೆ ಬಾಯಿ ತೆರೆದಳು. "ನಮಗೇ ಸಾ..."

ಮಾತು ಅಲ್ಲೇ ನಿಂತಿತು. ಅವಳು ಸನಿಕೆಯ ಹಿಡಿಗೆ ಗಲ್ಲ ಆನಿಸಿಕೊಂಡು ಬಹಳ ಹೊತ್ತು ಒಬ್ಬಳೇ ನಕ್ಕಳು. ಮಾದಸ್ವಾಮಿ ಏನೆಂದು ತಿಳಿಯದೆ ತಾನೂ ನಕ್ಕ. ಆಮೇಲೆ ಅವಳು ಕೊನೆಯ ಸಾಲಿಗೆ ನಡೆದು, ಎರಡು ಏಟಿಗೆ ಬದು ಕಡಿದು, ನೀರು ಆ ಕಡೆಯ ಕಲ್ಲುಗಳ ನಡುವೆ ದಾರಿ ಹುಡುಕುವುದನ್ನು ನೋಡುತ್ತ ನಿಂತಳು.